ಕೂಸಿನ ಜೊತೆ ನಮ್ಮವರ ಹತ್ತಿರಕ್ಕೆ

ಮಗಳ ಪಾಸ್‌ಪೋರ್ಟ್ ಕೈಗೆ ಬಂತು! ಅಮ್ಮ, ಅಪ್ಪ, ಅಕ್ಕ ಎಲ್ಲರೂ ಇರುವ ದೇಶಕ್ಕೆ, ಅವರ ಮನೆಯ ಹತ್ತಿರಕ್ಕೇ ಹೊರಟಿದ್ದೇವೆ.

"ಇಷ್ಟು ಚಿಕ್ಕ ಕೂಸನ್ನು ಕಟ್ಟಿಕೊಂಡು ಅಷ್ಟು ದೂರ ಯಾಕೆ? ಸ್ವಲ್ಪ ದೊಡ್ಡದಾಗಲಿ" ಅಂದವರೇ ಜಾಸ್ತಿ. ಆದರೆ ನಮಗೆ ಜನ ಬೇಕಾಗಿರುವುದು ಈಗಲೇ ಅಲ್ವಾ? ನಡುರಾತ್ರಿ ಮಗು ಅಳುವಾಗ ವಿಡಿಯೊ ಕಾಲ್‌ನಲ್ಲಿರುವ ಅಜ್ಜಿ ಎತ್ತಿಕೊಳ್ಳುವುದಕ್ಕೆ ಆಗುವುದಿಲ್ಲ.

ಪಾಸ್‌ಪೋರ್ಟ್ ಫೋಟೊ ತೆಗೆಯುವುದೇ ದೊಡ್ಡ ಕೆಲಸ. ಬಿಳಿ ಬೆಡ್‌ಶೀಟ್ ಮೇಲೆ ಮಲಗಿಸಿ, ನೆರಳು ಬೀಳದ ಹಾಗೆ ಮೇಲಿನಿಂದ ತೆಗೆಯಬೇಕು. ನಮ್ಮ ಕೈ ಕಾಣಬಾರದು. ಅವಳು ಕಣ್ಣು ಬಿಟ್ಟರೆ ಬಾಯಲ್ಲಿ ಬೆರಳು, ಬೆರಳು ತೆಗೆದರೆ ನಿದ್ದೆ. ಕೊನೆಗೆ ಒಂದರಲ್ಲಿ ನೇರ ನಮ್ಮನ್ನೇ ನೋಡಿದಳು. ಎಷ್ಟು ಚೆಂದ ಬಂದಿದೆ ಗೊತ್ತಾ!

ಜನನ ಪ್ರಮಾಣಪತ್ರ, ಲಸಿಕೆ ಕಾರ್ಡ್ ಕೈಚೀಲದಲ್ಲೇ ಇರುತ್ತವೆ. ಯಾವ ಲಸಿಕೆ ಯಾವಾಗ ಅನ್ನುವುದು ಒಂದೊಂದು ದೇಶದಲ್ಲಿ ಒಂದೊಂದು ಥರ, ಹಾಗಾಗಿ ಅಲ್ಲಿನ ಡಾಕ್ಟರಿಗೆ ಆ ಕಾರ್ಡ್ ಬೇಕೇ ಬೇಕು. ವಿಮಾನ ಇಳಿಯುವಾಗ ಹಾಲು ಕುಡಿಸಬೇಕು. ನುಂಗುತ್ತಾ ಇದ್ದರೆ ಕಿವಿನೋವು ಕಡಿಮೆ.

ಇಲ್ಲಿನ ಗೆಳೆಯರನ್ನು ಬಿಟ್ಟು ಹೋಗುವುದೇ ಸಂಕಟ. ಹೆರಿಗೆಯಾದ ಮೇಲೆ ಮನೆಗೆ ಬಂದು, ಮಗುವನ್ನು ಎತ್ತಿಕೊಂಡು, "ನೀವು ಹೋಗಿ ಮಲಗಿ" ಅಂದವರು ಇವರೇ. ಅವರೂ ನಮ್ಮವರೇ. ಒಂದು ಕಡೆಯವರ ಹತ್ತಿರ ಹೋಗಬೇಕಾದರೆ ಇನ್ನೊಂದು ಕಡೆಯವರಿಂದ ದೂರ ಆಗಲೇಬೇಕು ಅನ್ನುವುದು ಈಗ ಮನಸ್ಸಿಗೆ ತಟ್ಟುತ್ತಿದೆ.

ಅಕ್ಕ ಆಗಲೇ ಮಕ್ಕಳ ಡಾಕ್ಟರ್ ಹತ್ತಿರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದಾಳೆ. ಮುಂದಿನ ವಾರ ಪ್ರಯಾಣ.