ಪೆಂಗ್ವಿನ್ ಪಕ್ಕ ಐದು ಸೆಂ.ಮೀ. ಗಿಡ: ಮೂರನೇ ವಾರ

ಆಂಟಾರ್ಕ್ಟಿಕಾದ ಒಂದು ಹಕ್ಕಿ, ಒಂದು ಗಿಡ ಎರಡನ್ನೂ ಬರೆದು ಎತ್ತರ ಹೋಲಿಸಲು ಹೊರಟಿದ್ದೇನೆ. ಅದರಲ್ಲಿ ಅಡೆಲಿ ಪೆಂಗ್ವಿನ್ ಈ ವಾರ ಮುಗಿಯಿತು. ನಿಜವಾದ ಅಳತೆಯಲ್ಲೇ ಬರೆದಿದ್ದೇನೆ, ತಲೆಯಿಂದ ಪಾದದವರೆಗೆ 70 ಸೆಂ.ಮೀ. ದೊಡ್ಡ ಡ್ರಾಯಿಂಗ್ ಶೀಟ್ ಪೂರ್ತಿ ಅದೇ ತುಂಬಿಕೊಂಡಿದೆ. ಕೊಕ್ಕನ್ನು ಮಾತ್ರ ಎರಡು ಸಲ ಅಳಿಸಬೇಕಾಯಿತು. ಅರ್ಧ ಕೊಕ್ಕು ಪುಕ್ಕದಲ್ಲಿ ಮುಚ್ಚಿಹೋಗಿರುವುದರಿಂದ ಅದು ಮೊಂಡಾಗಿಯೇ ಕಾಣಬೇಕು.

ಅದರ ಜೊತೆಗೆ ಬರೆಯುತ್ತಿರುವುದು ಆಂಟಾರ್ಕ್ಟಿಕ್ ಪರ್ಲ್‌ವರ್ಟ್. ಆಂಟಾರ್ಕ್ಟಿಕಾದಲ್ಲಿ ಮೊದಲಿನಿಂದಲೂ ಇರುವ ಹೂ ಬಿಡುವ ಗಿಡಗಳು ಎರಡೇ. ಒಂದು ಹುಲ್ಲು, ಇನ್ನೊಂದು ಇದು. ಎತ್ತರ ಐದು ಸೆಂ.ಮೀ. ಇದ್ದರೆ ಹೆಚ್ಚು. ಕಲ್ಲಿನ ಸಂದಿಯಲ್ಲಿ ಪುಟ್ಟ ಹಸಿರು ದಿಂಬು ಇಟ್ಟ ಹಾಗೆ ಕಾಣುತ್ತದೆ.

ಎಡವಿದ್ದು ಹೂವಿನಲ್ಲಿ. ಹೂವು ಅಂದ ಮೇಲೆ ಎಸಳು ಇರಲೇಬೇಕು ಅಂತ ಐದು ಹಳದಿ ಎಸಳು ಬರೆದುಬಿಟ್ಟಿದ್ದೆ. ಹತ್ತಿರದಿಂದ ತೆಗೆದ ಫೋಟೊ ನೋಡಿದರೆ ಎಸಳೇ ಇಲ್ಲ! ಮೊಗ್ಗಿಗೆ ಹೊದಿಕೆಯಾಗಿದ್ದ ನಾಲ್ಕೈದು ಪುಟ್ಟ ಹಸಿರು ಎಲೆ (ಸೆಪಲ್), ಒಳಗೆ ಚಿಕ್ಕ ಕೇಸರ, ಅಷ್ಟೇ. ಅಲ್ಲಿ ಜೇನುಹುಳು ಇಲ್ಲ. ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಬೊಕೆಯಲ್ಲಿ ಇಡುವ ಕಾರ್ನೇಷನ್ ಕೂಡ ಇದೇ ಕುಟುಂಬದ್ದು ಅಂದರೆ ನಂಬುವುದು ಕಷ್ಟ, ಅಲ್ವಾ?

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಚೆಂದ ಕಾಣುತ್ತದೆ ಅಂತ ಸುಮ್ನೆ ಗಿಡವನ್ನು ಪೆಂಗ್ವಿನ್ ಕಟ್ಟುವ ಗೂಡಿನ ಕಲ್ಲುಗಳ ನಡುವೆಯೇ ಕೂರಿಸಿದ್ದೆ. ಅಲ್ಲಿ ಅದು ಬದುಕಲ್ಲ. ಕ್ರಿಲ್ (ಸೀಗಡಿಯಂಥ ಪುಟ್ಟ ಕಡಲಜೀವಿ) ತಿಂದ ಪೆಂಗ್ವಿನ್‌ಗಳ ಹಿಕ್ಕೆ ನಸುಗೆಂಪಾಗಿರುತ್ತದೆ. ಅದರಿಂದ ಏಳುವ ಅಮೋನಿಯಾ ಗಾಳಿಯಲ್ಲಿ ಹರಡಿ ಸುತ್ತಲಿನ ನೆಲಕ್ಕೆ ಸಾರಜನಕ ಸೇರುತ್ತದೆ. ಆ ಗೊಬ್ಬರದಿಂದ ಗಿಡಕ್ಕೆ ಒಳ್ಳೆಯದು. ಆದರೆ ಗೂಡುಗಳ ಮಧ್ಯೆ ಬೆಳೆದರೆ ಅಷ್ಟೂ ಪೆಂಗ್ವಿನ್‌ಗಳ ತುಳಿತಕ್ಕೆ ಸಿಕ್ಕಿ ಹೋಗುತ್ತದೆ. ಪೆಂಗ್ವಿನ್‌ನ ಗಾಳಿ ಬೀಸಬೇಕು, ಕಾಲು ತಾಕಬಾರದು. ಹಾಗಾಗಿ ಗಿಡಕ್ಕೆ ಬೇರೆ ಶೀಟ್ ತಂದೆ. ಗೋಡೆಯ ಮೇಲೆ ಎರಡರ ನಡುವೆ ಜಾಗ ಬಿಟ್ಟೇ ಹಾಕುತ್ತೇನೆ.

ಓದುತ್ತಾ ಹೋದಾಗ ಮನಸ್ಸಿಗೆ ತಟ್ಟಿದ್ದು ಆಂಟಾರ್ಕ್ಟಿಕಾ ಬಳಿಯ ಸಿಗ್ನಿ ದ್ವೀಪದ ಲೆಕ್ಕ. 1960ರಿಂದ 2009ರವರೆಗೆ ಈ ಗಿಡ ಹರಡಿದ ವೇಗಕ್ಕಿಂತ 2009ರಿಂದ 2018ರ ನಡುವಿನ ವೇಗ ಹಲವು ಪಟ್ಟು ಜಾಸ್ತಿ. ಬೇಸಿಗೆ ಬಿಸಿಯಾಗುತ್ತಿದೆ, ಗಿಡವನ್ನು ತುಳಿಯುವ ಫರ್ ಸೀಲ್‌ಗಳೂ (ತುಪ್ಪಳದ ಕಡಲ ಪ್ರಾಣಿಗಳು) ಕಡಿಮೆಯಾಗಿವೆ. ಅದೇ ಕಾಲದಲ್ಲಿ ಆಂಟಾರ್ಕ್ಟಿಕ್ ಪರ್ಯಾಯ ದ್ವೀಪದ ಪಶ್ಚಿಮ ಭಾಗದಲ್ಲಿ, ಸಮುದ್ರದ ಹಿಮ ಕರಗಿದ ಕಡೆ, ಅಡೆಲಿಗಳು ಕಡಿಮೆಯಾಗುತ್ತಿವೆ. ಬರೀ ಎತ್ತರ ಹೋಲಿಸಲು ಹೊರಟಿದ್ದ ನನಗೆ ಇದನ್ನು ಬಿಟ್ಟು ಚಿತ್ರ ಮುಗಿಸಲು ಮನಸ್ಸಾಗುತ್ತಿಲ್ಲ.

ಮುಂದಿನ ವಾರ ಗಿಡದ ಶೀಟ್‌ನಲ್ಲಿ ಒಂದರ ಬದಲು ಹಲವು ದಿಂಬು ಬರೆಯುತ್ತೇನೆ. ಪೆಂಗ್ವಿನ್ ಶೀಟ್‌ನಲ್ಲಿ, ಪಕ್ಕದ ಗೂಡಿಗೆ ಹಕ್ಕಿಯಿಲ್ಲ, ಬರೀ ಕಲ್ಲು.