ಅಭಿಷಿಕ್ತರನ್ನು ಮುಟ್ಟಬಾರದು ಎಂಬ ಮಾತಿನ ಮರೆಯಲ್ಲಿ

ನಮ್ಮ ಕ್ರೈಸ್ತ ಸಭೆಗಳಲ್ಲಿ ಯಾರಾದರೂ ಕಾಣಿಕೆಯ ಲೆಕ್ಕ ಕೇಳಿದಾಗ, ಹೇಳಿದ ಪ್ರವಾದನೆ ನೆರವೇರಲಿಲ್ಲವಲ್ಲ ಎಂದು ವಿಚಾರಿಸಿದಾಗ, ಅಥವಾ ಪಾಸ್ಟರ್ ಒಬ್ಬರ ನಡತೆಯ ಬಗ್ಗೆ ಅಂಜುತ್ತಲೇ ಮಾತೆತ್ತಿದಾಗ ಎದುರಾಗುವ ವಚನ ಒಂದಿದೆ. ದೇವರು ಅಭಿಷೇಕಿಸಿದವರನ್ನು, ಅಂದರೆ ತನ್ನ ಕೆಲಸಕ್ಕೆ ಆರಿಸಿಕೊಂಡವರನ್ನು, ಮುಟ್ಟಬಾರದು, ಆತನ ಪ್ರವಾದಿಗಳಿಗೆ ಕೇಡು ಮಾಡಬಾರದು ಎಂದು ಹೇಳುವ 105ನೆಯ ಕೀರ್ತನೆಯ 15ನೆಯ ವಚನವದು. ಅದನ್ನು ಕೇಳಿದ ಮೇಲೆ ಸಾಮಾನ್ಯ ವಿಶ್ವಾಸಿಗೆ ಬಾಯಿ ಬರುವುದಿಲ್ಲ. ಸತ್ಯವೇದದ ಮಾತಿಗೆ ಎದುರಾಡುವ ಧೈರ್ಯ ಯಾರಿಗಿದೆ? ಸಭೆಯೊಳಗಿನ ಆತ್ಮಿಕ ವಂಚನೆಯ ಮೊದಲ ಗುರುತು ತಪ್ಪು ಬೋಧನೆಯಲ್ಲ, ಪರೀಕ್ಷಿಸಬಾರದು ಎಂಬ ಈ ಅಪ್ಪಣೆಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೋಧನೆಯ ತಪ್ಪು ಹೆಚ್ಚಿನ ಸಲ ಬಹಳ ತಡವಾಗಿ ಕಣ್ಣಿಗೆ ಬೀಳುತ್ತದೆ, ಅಪ್ಪಣೆಯಾದರೋ ಮೊದಲ ಪ್ರಶ್ನೆಯನ್ನು ಕೇಳಿದ ದಿನವೇ ಹೊರಬೀಳುತ್ತದೆ.

ಆ ವಚನವನ್ನು ಅದರ ಹಿಂದಿನ ವಚನಗಳೊಂದಿಗೆ ಸೇರಿಸಿ ಓದಬೇಕು. ಕೀರ್ತನೆಗಾರನು ಅಲ್ಲಿ ಹೇಳುತ್ತಿರುವುದು ಸ್ವಂತ ನೆಲವಿಲ್ಲದೆ ನಾಡಿನಿಂದ ನಾಡಿಗೆ ಅಲೆಯುತ್ತಿದ್ದ ಅಬ್ರಹಾಮ, ಇಸಾಕ, ಯಾಕೋಬರ ವಿಷಯವನ್ನು. ಎಚ್ಚರಿಕೆ ಹೋಗುವುದು ಅವರನ್ನು ತುಳಿದುಹಾಕಬಲ್ಲ ಅರಸರಿಗೆ. ಬಲವಿಲ್ಲದ ಪರದೇಶಿಗಳನ್ನು ಕಾಯಲು ಹೇಳಿದ ಮಾತನ್ನು ಇಂದು ವೇದಿಕೆ, ಮೈಕು, ಹಣದ ಚೀಲ ಎಲ್ಲವನ್ನೂ ಕೈಯಲ್ಲಿಟ್ಟುಕೊಂಡವರು ಪ್ರಶ್ನೆ ಕೇಳುವ ವಿಧವೆಯ ಮೇಲೆ ತಿರುಗಿಸುತ್ತಾರೆ. ಇನ್ನೂ ಗಮನಿಸಬೇಕಾದ ಸಂಗತಿಯೊಂದಿದೆ. ಅಬ್ರಹಾಮನನ್ನು ಪ್ರವಾದಿ ಎಂದು ದೇವರೇ ಕರೆಯುವುದು ಆದಿಕಾಂಡದ 20ನೆಯ ಅಧ್ಯಾಯದಲ್ಲಿ, ಗೆರಾರಿನ ಅರಸನಾದ ಅಬೀಮೆಲೆಕನ ಪ್ರಸಂಗದಲ್ಲಿ. ಅದೇ ಅಧ್ಯಾಯದಲ್ಲಿ ಆ ಅರಸನು ಅಬ್ರಹಾಮನನ್ನು ಕರೆಸಿ, ಹೆಂಡತಿಯನ್ನು ತಂಗಿಯೆಂದು ಹೇಳಿ ನನ್ನನ್ನೂ ನನ್ನ ರಾಜ್ಯವನ್ನೂ ಪಾಪಕ್ಕೆ ಗುರಿಮಾಡಿದೆಯಲ್ಲ ಎಂದು ಮುಖಕ್ಕೆ ಮುಖ ಕೊಟ್ಟು ಕೇಳುತ್ತಾನೆ. ಅಬ್ರಹಾಮನ ಹೆಂಡತಿಯಾದ ಸಾರಳನ್ನು ಮುಟ್ಟಕೂಡದೆಂದು ಕನಸಿನಲ್ಲಿ ಅವನನ್ನು ಎಚ್ಚರಿಸಿದ್ದ ದೇವರು, ಪ್ರವಾದಿಯ ಸುಳ್ಳನ್ನು ಪ್ರಶ್ನಿಸಿದ್ದಕ್ಕಾಗಿ ಅವನನ್ನು ಒಂದು ಮಾತೂ ಅನ್ನುವುದಿಲ್ಲ. ಯುವಕರೊಂದಿಗೆ ಆದಿಕಾಂಡ ಓದುವಾಗ ನಾನು ಈ ಅಧ್ಯಾಯವನ್ನು ಅವಸರದಲ್ಲಿ ದಾಟಲು ಬಿಡುವುದಿಲ್ಲ.

ತನ್ನನ್ನು ಕೊಲ್ಲಲು ಬೆನ್ನಟ್ಟಿದ್ದ ಅಭಿಷಿಕ್ತ ಅರಸ ಸೌಲನ ಮೇಲೆ ಕೈಯೆತ್ತದ ದಾವೀದನ ಉದಾಹರಣೆಯನ್ನೂ ಇದೇ ಉದ್ದೇಶಕ್ಕೆ ಬಳಸುತ್ತಾರೆ. ದಾವೀದನು ಅರಸನನ್ನು ಕೊಲ್ಲಲಿಲ್ಲ, ಅದು ನಿಜ. ಆದರೆ ಅವನು ಗವಿಯಿಂದ ಹೊರಬಂದು, ಕತ್ತರಿಸಿಕೊಂಡಿದ್ದ ನಿಲುವಂಗಿಯ ತುಂಡನ್ನು ಎತ್ತಿ ತೋರಿಸಿ, ನಿನಗೂ ನನಗೂ ದೇವರೇ ನ್ಯಾಯ ತೀರಿಸಲಿ ಎಂದು ಸೌಲನಿಗೆ ಕೇಳಿಸುವಂತೆ ಕೂಗಿ ಹೇಳಿದನು. ಮುಂದೆ ಅದೇ ದಾವೀದನು ಅಭಿಷಿಕ್ತ ಅರಸನಾಗಿ ಬತ್ಷೆಬೆಯ ವಿಷಯದಲ್ಲಿ ಪಾಪ ಮಾಡಿ ಆಕೆಯ ಗಂಡನಾದ ಊರೀಯನನ್ನು ಕೊಲ್ಲಿಸಿದಾಗ, ತಪ್ಪು ಮಾಡಿದ ಆ ಮನುಷ್ಯನು ನೀನೇ ಎಂದು ಪ್ರವಾದಿಯಾದ ನಾತಾನನು ಎದುರಿಗೆ ನಿಂತು ಹೇಳಿದನು. ಅಂತಿಯೋಕ್ಯದಲ್ಲಿ ಪೌಲನು, ತನ್ನಂತೆಯೇ ಆದಿಸಭೆಯ ನಾಯಕನಾಗಿದ್ದ ಪೇತ್ರನನ್ನು ಎಲ್ಲರ ಮುಂದೆ ಆಕ್ಷೇಪಿಸಿದ್ದು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ದಾಖಲಾಗಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಆತ್ಮಗಳನ್ನು ಪರೀಕ್ಷಿಸಿರಿ ಎಂದು ಆಜ್ಞಾಪಿಸುವ ಯೋಹಾನನ ಮೊದಲನೆಯ ಪತ್ರವು ಅಭಿಷೇಕವನ್ನು ಒಬ್ಬ ನಾಯಕನ ಸೊತ್ತೆಂದು ಹೇಳುವುದೇ ಇಲ್ಲ. ನಿಮ್ಮನ್ನು ಮರುಳುಗೊಳಿಸಲು ಬಯಸುವವರ ಕುರಿತು ಬರೆದಿದ್ದೇನೆ, ಆದರೆ ನೀವು ಹೊಂದಿದ ಅಭಿಷೇಕ ನಿಮ್ಮಲ್ಲಿ ನೆಲೆಗೊಂಡಿದೆ ಎಂದು ಅದು ಇಡೀ ಸಭೆಗೆ ಹೇಳುತ್ತದೆ. ಹಾಗಾದರೆ ಹಿಂದಿನ ಸಾಲಿನಲ್ಲಿ ಕುಳಿತು ಸಂಶಯಪಡುವ ತಾಯಿಯೂ ಅಭಿಷೇಕ ಹೊಂದಿದವಳೇ, ಆಕೆಯ ಸಂಶಯಕ್ಕೂ ಸಭೆಯಲ್ಲಿ ಸ್ಥಾನವಿರಲೇಬೇಕು.

ಪರೀಕ್ಷೆ ಇಲ್ಲದ ಕಡೆ ಏನು ನಡೆಯಬಹುದು ಎಂಬುದಕ್ಕೆ ಅಮೆರಿಕದ ಪೀಟರ್ ಪೊಪೋಫ್ ಪ್ರಕರಣಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಡ. 1980ರ ದಶಕದಲ್ಲಿ ಟಿವಿಯಲ್ಲಿ ಹೆಸರಾಗಿದ್ದ ಈ ಬೋಧಕರು ಸಾವಿರಾರು ಜನರ ಕೂಟದಲ್ಲಿ ಅಪರಿಚಿತರ ಹೆಸರು, ವಿಳಾಸ, ಕಾಯಿಲೆ ಎಲ್ಲವನ್ನೂ ಹೇಳುತ್ತಿದ್ದರು. ಜನರು ಅದನ್ನು ದೇವರು ಕೊಟ್ಟ ಜ್ಞಾನವಾಕ್ಯವೆಂದು ನಂಬಿ ಕಣ್ಣೀರಿಡುತ್ತಿದ್ದರು. 1986ರಲ್ಲಿ ಜಾದೂಗಾರ ಜೇಮ್ಸ್ ರ‍್ಯಾಂಡಿ ಮತ್ತು ಸಂಗಡಿಗರು ರೇಡಿಯೊ ಸ್ಕ್ಯಾನರ್ ಹಿಡಿದು ಕೂಟಕ್ಕೆ ಹೋದಾಗ, 39.17 ಮೆಗಾಹರ್ಟ್ಸ್ ತರಂಗದಲ್ಲಿ ಪೊಪೋಫ್ ಅವರ ಹೆಂಡತಿಯ ಧ್ವನಿ ಸಿಕ್ಕಿತು. ಕೂಟಕ್ಕೆ ಮೊದಲು ಜನರು ತುಂಬಿಕೊಟ್ಟ ಪ್ರಾರ್ಥನಾ ಚೀಟಿಗಳಲ್ಲಿದ್ದ ವಿವರಗಳನ್ನು ಆಕೆ ಓದಿ ಹೇಳುತ್ತಿದ್ದರು, ಅವು ಬೋಧಕರ ಕಿವಿಯಲ್ಲಿದ್ದ ಸಣ್ಣ ಉಪಕರಣಕ್ಕೆ ತಲುಪುತ್ತಿದ್ದವು. ಆ ಧ್ವನಿಮುದ್ರಣ ದೇಶದ ಜನಪ್ರಿಯ ಟಿವಿ ಕಾರ್ಯಕ್ರಮದಲ್ಲಿ ಬಿತ್ತರವಾಯಿತು, ಮರುವರ್ಷ ಅವರು ದಿವಾಳಿ ಘೋಷಿಸಿಕೊಂಡರು. ಆದರೂ ಕೆಲವು ವರ್ಷಗಳ ಬಳಿಕ ಅದೇ ವ್ಯಕ್ತಿ ಅದ್ಭುತ ನೀರಿನ ಪೊಟ್ಟಣಗಳೊಂದಿಗೆ ಟಿವಿಗೆ ಮರಳಿದ್ದು ನನ್ನನ್ನು ಹೆಚ್ಚು ಕಾಡುತ್ತದೆ. ಬಯಲಾದ ಮಾತ್ರಕ್ಕೆ ವಂಚನೆ ಸಾಯುವುದಿಲ್ಲ; ನೋವಿನಲ್ಲಿರುವ ಹೊಸ ಜನ ಪ್ರತಿದಿನವೂ ಸಿಗುತ್ತಾರೆ. ಇಂದು ರೇಡಿಯೊ ಕೂಡ ಬೇಕಾಗಿಲ್ಲ. ವಾಟ್ಸಾಪ್‌ನಲ್ಲಿ ಕಳಿಸಿದ ಪ್ರಾರ್ಥನಾ ವಿನಂತಿ, ಫೇಸ್‌ಬುಕ್‌ನಲ್ಲಿ ಹಾಕಿದ ಮದುವೆಯ ಚಿತ್ರ, ಆಸ್ಪತ್ರೆಯಿಂದ ಹಾಕಿದ ಸ್ಟೇಟಸ್ ಇವಿಷ್ಟೂ ಯಾರಿಗೆ ಬೇಕಾದರೂ ದೊರೆಯುತ್ತವೆ. ನನ್ನ ಬಗ್ಗೆ ನಿಜ ಹೇಳಿದರು ಎಂಬ ಒಂದೇ ಕಾರಣಕ್ಕೆ ಯಾರನ್ನೂ ಪ್ರವಾದಿಯೆಂದು ಒಪ್ಪಬಾರದು. ಗುರುತು ಹೇಳಿ ಅದು ನಡೆದರೂ ಅನ್ಯದೇವರುಗಳ ಕಡೆಗೆ ಕರೆಯುವವನ ಮಾತಿಗೆ ಕಿವಿಗೊಡಬೇಡಿ ಎಂದು ಧರ್ಮೋಪದೇಶಕಾಂಡದ 13ನೆಯ ಅಧ್ಯಾಯ ಹೇಳುವುದು ಇದೇ ಕಾರಣಕ್ಕೆ.

ಆದಿಸಭೆಯವರು ಇದನ್ನು ನಮಗಿಂತ ಚೆನ್ನಾಗಿ ಅರಿತಿದ್ದರು. ಮೊದಲನೆಯ ಶತಮಾನದ ಕೊನೆ ಅಥವಾ ಎರಡನೆಯ ಶತಮಾನದ ಆರಂಭದ್ದೆಂದು ವಿದ್ವಾಂಸರು ಎಣಿಸುವ ‘ದಿದಾಖೆ’ ಎಂಬ ಗ್ರೀಕ್ ಕೈಪಿಡಿಯೊಂದಿದೆ. ಅದರ ಹಸ್ತಪ್ರತಿಯನ್ನು ಕಾನ್‌ಸ್ಟಾಂಟಿನೋಪಲ್‌ನಲ್ಲಿ 1873ರಲ್ಲಿ ಕಂಡುಹಿಡಿದ ಫಿಲೋಥಿಯೋಸ್ ಬ್ರಿಯೆನ್ನಿಯೋಸ್ ಎಂಬ ಬಿಷಪ್ಪರು ಹತ್ತು ವರ್ಷಗಳ ತರುವಾಯ ಪ್ರಕಟಿಸಿದರು. ಊರೂರು ಸಂಚರಿಸುವ ಅಪೊಸ್ತಲರನ್ನು, ಅಂದರೆ ಸುವಾರ್ತೆ ಸಾರಲು ಕಳುಹಿಸಲ್ಪಟ್ಟವರನ್ನು, ಕರ್ತನನ್ನೇ ಎಂಬಂತೆ ಬರಮಾಡಿಕೊಳ್ಳಿರಿ ಎಂದು ಅದರ 11ನೆಯ ಅಧ್ಯಾಯ ಹೇಳುತ್ತದೆ, ಹಾಗೆ ಹೇಳಿದ ಕೂಡಲೇ ಅಳತೆಗೋಲುಗಳನ್ನೂ ಕೊಡುತ್ತದೆ. ಬಂದವರು ಒಂದು ದಿನ, ಅಗತ್ಯವಿದ್ದರೆ ಎರಡು ದಿನ ತಂಗಬಹುದು. ಮೂರನೆಯ ದಿನವೂ ಉಳಿದರೆ ಸುಳ್ಳು ಪ್ರವಾದಿ. ಹೊರಡುವಾಗ ಮುಂದಿನ ತಂಗುದಾಣದವರೆಗೆ ಬೇಕಾಗುವ ರೊಟ್ಟಿಯನ್ನು ಕೊಡಬಹುದು. ಹಣ ಕೇಳಿದರೆ ಸುಳ್ಳು ಪ್ರವಾದಿ. ಆತ್ಮಾವೇಶದಲ್ಲಿ ನನಗೆ ಹಣ ಕೊಡಿ ಎಂದರೆ ಆ ಮಾತಿಗೆ ಕಿವಿಗೊಡಬೇಡಿ, ಕೊರತೆಯಲ್ಲಿರುವ ಬೇರೆಯವರಿಗಾಗಿ ಕೇಳಿದರೆ ಮಾತ್ರ ತೀರ್ಪು ಮಾಡಬೇಡಿ.

ಅದೇ ಅಧ್ಯಾಯದಲ್ಲಿ ಆತ್ಮಾವೇಶದಿಂದ ಮಾತಾಡುತ್ತಿರುವ ಪ್ರವಾದಿಯನ್ನು ಪರೀಕ್ಷಿಸಬೇಡಿ ಎಂಬ ಕಟ್ಟುನಿಟ್ಟಿನ ಮಾತೂ ಇದೆ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅದರ ಬೆನ್ನಿಗೇ, ಆವೇಶದಲ್ಲಿ ಮಾತಾಡುವವರೆಲ್ಲ ಪ್ರವಾದಿಗಳಲ್ಲ, ಕರ್ತನ ನಡತೆ ಯಾರಲ್ಲಿದೆಯೋ ಅವರೇ ಪ್ರವಾದಿಗಳು ಎಂಬ ಮಾತು ಬರುತ್ತದೆ. ಪವಿತ್ರಾತ್ಮನ ಕಾರ್ಯದ ಬಗ್ಗೆ ಭಯಭಕ್ತಿ ಇಟ್ಟುಕೊಂಡೇ ಮನುಷ್ಯನ ನಡತೆಯನ್ನು ತೂಗುವುದು ಸಾಧ್ಯವೆಂದು ಆ ಬಡ ಸಭೆಗಳಿಗೆ ತಿಳಿದಿತ್ತು. ಇಂದು ಅನೇಕ ಕಡೆ ಆ ಭಯಭಕ್ತಿಯನ್ನೇ ಮನುಷ್ಯನ ಸುತ್ತ ಬೇಲಿಯಾಗಿ ಕಟ್ಟಲಾಗಿದೆ.

ಬೋಧನೆ ಸರಿಯಾಗಿದ್ದರೆ ಸಾಲದೇ ಎಂದು ಕೇಳುವವರು, ಅದರಲ್ಲೂ ನಮ್ಮ ಹಳೆಯ ಸಭೆಗಳ ವಿದ್ಯಾವಂತರು, ಇದ್ದಾರೆ. ಅವರಿಗೆ ರವಿ ಝಕರಾಯಸ್ ಅವರ ವಿಷಯವನ್ನು ನೆನಪಿಸಬೇಕು. 1946ರಲ್ಲಿ ಮದ್ರಾಸಿನಲ್ಲಿ ಹುಟ್ಟಿ, ಕೆನಡಾಕ್ಕೆ ಹೋಗಿ, ಕ್ರೈಸ್ತ ನಂಬಿಕೆಯನ್ನು ತರ್ಕದಿಂದ ಸಮರ್ಥಿಸುವವರೆಂದು ಲೋಕವೆಲ್ಲ ಹೆಸರಾದ ಅವರ ಉಪನ್ಯಾಸಗಳನ್ನು ಬೆಂಗಳೂರಿನಲ್ಲೂ ಅಪಾರ ಗೌರವದಿಂದ ಕೇಳುತ್ತಿದ್ದರು. 2017ರಲ್ಲಿ ಕೆನಡಾದ ಮಹಿಳೆಯೊಬ್ಬರ ದೂರು ಬಹಿರಂಗವಾದಾಗ ಅವರ ಸಂಸ್ಥೆ ಅವರ ಪರವಾಗಿಯೇ ನಿಂತಿತು. 2020ರ ಮೇ ತಿಂಗಳಲ್ಲಿ ಅವರು ತೀರಿಕೊಂಡ ನಂತರ ಅದೇ ಸಂಸ್ಥೆ ನೇಮಿಸಿದ ವಕೀಲರ ತನಿಖೆಯ ವರದಿ 2021ರ ಫೆಬ್ರವರಿಯಲ್ಲಿ ಹೊರಬಂದು, ಅವರು ವರ್ಷಗಟ್ಟಲೆ ಹಲವು ಮಹಿಳೆಯರೊಂದಿಗೆ ಲೈಂಗಿಕವಾಗಿ ದುರ್ವರ್ತನೆ ನಡೆಸಿದ್ದನ್ನು ದೃಢಪಡಿಸಿತು. ನೀನು ಬಾಯಿಬಿಟ್ಟು ನನ್ನ ಹೆಸರು ಕೆಟ್ಟರೆ ಲಕ್ಷಾಂತರ ಆತ್ಮಗಳು ರಕ್ಷಣೆ ಕಳೆದುಕೊಳ್ಳುವುದಕ್ಕೆ ನೀನೇ ಹೊಣೆಯಾಗುತ್ತೀ ಎಂದು ಅವರು ಎಚ್ಚರಿಸಿದ್ದಾಗಿ ಒಬ್ಬ ಮಹಿಳೆ ತನಿಖೆಯಲ್ಲಿ ತಿಳಿಸಿದ್ದರು. ಆ ಮಾತನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ತ್ರಿಯೇಕತ್ವ, ಶಿಲುಬೆ, ಪುನರುತ್ಥಾನ ಯಾವುದರಲ್ಲೂ ಅವರ ಬೋಧನೆಯಲ್ಲಿ ತಪ್ಪು ಹುಡುಕುವಂತಿರಲಿಲ್ಲ. ವಂಚನೆ ಇದ್ದದ್ದು ಸೇವೆಯ ಯಶಸ್ಸನ್ನೇ ಒಬ್ಬ ಹೆಣ್ಣಿನ ಬಾಯಿ ಕಟ್ಟುವ ಹಗ್ಗವನ್ನಾಗಿ ಮಾಡಿಕೊಂಡದ್ದರಲ್ಲಿ, ಮತ್ತು ಅವರನ್ನು ಪರೀಕ್ಷಿಸಬೇಕಾದ ಮಂಡಳಿ ಅದಕ್ಕೆ ಕಾವಲು ನಿಂತದ್ದರಲ್ಲಿ.

ರೋಗಸೌಖ್ಯದ ವಿಷಯದಲ್ಲಿ ನಾನು ಇನ್ನೂ ಕಟುವಾಗಿ ಮಾತಾಡಬೇಕಾಗುತ್ತದೆ. ದೇವರು ಗುಣಪಡಿಸುತ್ತಾನೆಂದು ನಂಬುವವನು ನಾನು, ರೋಗಿಗಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವವನು. ಆದರೆ ಇನ್ಸುಲಿನ್ ನಿಲ್ಲಿಸು, ಮೂರ್ಛೆಯ ಮಾತ್ರೆ ಬಿಡು, ಟಿಬಿ ಔಷಧಿ ಎಸೆದು ನಂಬಿಕೆ ತೋರಿಸು ಎಂದು ಹೇಳುವವರು ಯಾರೇ ಆಗಿರಲಿ, ಅವರು ಮಾಡುತ್ತಿರುವುದು ಪ್ರಾಣಾಪಾಯದ ಕೆಲಸ. ಯೇಸು ಕುಷ್ಠರೋಗಿಗಳನ್ನು ಗುಣಪಡಿಸಿದಾಗ, ಹೋಗಿ ಯಾಜಕರಿಗೆ ತೋರಿಸಿಕೊಳ್ಳಿರಿ ಎಂದು ಹೇಳಿದನು. ಧರ್ಮಶಾಸ್ತ್ರದ ಪ್ರಕಾರ ಆ ರೋಗವನ್ನು ಪರೀಕ್ಷಿಸಿ ಶುದ್ಧನೆಂದು ನಿರ್ಣಯಿಸಬೇಕಾದವರು ಅವರೇ. ಸ್ವತಃ ಕರ್ತನೇ ತನ್ನ ಅದ್ಭುತವನ್ನು ಪರೀಕ್ಷೆಗೆ ಒಡ್ಡಿರುವಾಗ, ವೈದ್ಯರ ವರದಿ ಕೇಳುವುದು ಅಪನಂಬಿಕೆ ಎನ್ನುವ ಸೇವಕನಿಗೆ ಯಾವ ಆಧಾರವಿದೆ? ಗುಣವಾಗದಿದ್ದಾಗ ನಿನ್ನ ನಂಬಿಕೆ ಸಾಲದು ಎಂದು ಹಾಸಿಗೆ ಹಿಡಿದವರ ಮೇಲೆಯೇ ತಪ್ಪು ಹೊರಿಸುವುದಂತೂ ಕ್ರೌರ್ಯ. ಪೌಲನು ತನ್ನ ಜೊತೆಕೆಲಸದವನಾದ ತ್ರೊಫಿಮನನ್ನು ಮಿಲೇತದಲ್ಲಿ ಅಸ್ವಸ್ಥನಾಗಿಯೇ ಬಿಟ್ಟುಬರಬೇಕಾಯಿತು, ಅದಕ್ಕಾಗಿ ಅವನ ನಂಬಿಕೆಯನ್ನು ಹಳಿಯಲಿಲ್ಲ.

ಇದೇ ಮಿಲೇತದಲ್ಲಿಯೇ ಪೌಲನು ಎಫೆಸದ ಹಿರಿಯರನ್ನು ಕರೆಸಿ, ಕ್ರೂರವಾದ ತೋಳಗಳು ಬರುವವು, ನಿಮ್ಮೊಳಗಿಂದಲೇ ಕೆಲವರು ಎದ್ದು ಶಿಷ್ಯರನ್ನು ತಮ್ಮ ಹಿಂದೆ ಎಳೆದುಕೊಳ್ಳುವರು ಎಂದು ಎಚ್ಚರಿಸಿದ್ದನು. ಆ ಮಾತು ಅಪೊಸ್ತಲರ ಕೃತ್ಯಗಳ 20ನೆಯ ಅಧ್ಯಾಯದಲ್ಲಿದೆ. ಎಚ್ಚರಿಕೆಯ ಜೊತೆಗೆ ತನ್ನ ಲೆಕ್ಕವನ್ನೂ ಅವರ ಮುಂದಿಟ್ಟನು: ಯಾರ ಬೆಳ್ಳಿ ಬಂಗಾರವನ್ನೂ ನಾನು ಬಯಸಲಿಲ್ಲ, ನನ್ನ ಕೊರತೆಗಳಿಗಾಗಿ ಈ ಕೈಗಳೇ ದುಡಿದವು. ಯೆರೂಸಲೇಮಿನ ಬಡವರಿಗಾಗಿ ಹಣ ಸಂಗ್ರಹಿಸಿದಾಗಲೂ ಅದನ್ನು ಒಬ್ಬನೇ ಒಯ್ಯದೆ ಸಭೆಗಳು ಆರಿಸಿದವರನ್ನು ಜೊತೆಗೆ ಸೇರಿಸಿಕೊಂಡನು. ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಇದು ಸರಿಯಾಗಿರಬೇಕು ಎಂಬುದೇ ಅವನು ಕೊರಿಂಥದವರಿಗೆ ಕೊಟ್ಟ ಕಾರಣ. ಅಪೊಸ್ತಲನಿಗೇ ಅವಮಾನವೆನಿಸದ ಲೆಕ್ಕ ನಮ್ಮ ಪಾಸ್ಟರುಗಳಿಗೆ ಏಕೆ ಅವಮಾನವಾಗಬೇಕು? ಸಂಘವಾಗಿ ನೋಂದಣಿಯಾದ ಸಭೆಯಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ಪ್ರತಿವರ್ಷ ಮಹಾಸಭೆ ನಡೆಸಿ ಲೆಕ್ಕ ಸಲ್ಲಿಸಲೇಬೇಕು. ಅದನ್ನು ನೋಡಬಯಸುವ ಸದಸ್ಯರು ಬಂಡುಕೋರರಲ್ಲ.

ನಮ್ಮ ನಾಡಿನಲ್ಲಿ ಈ ಮಾತುಗಳನ್ನಾಡಲು ಇನ್ನೊಂದು ಅಂಜಿಕೆ ಅಡ್ಡಬರುತ್ತದೆ. ಮತಾಂತರ ನಿಷೇಧ ಕಾಯ್ದೆ ಬಂದ 2022ರ ಸುಮಾರಿನಿಂದಂತೂ, ಒಳಗಿನ ತಪ್ಪನ್ನು ಬಯಲಿಗೆ ತಂದರೆ ಹೊರಗಿನವರಿಗೆ ಆಯುಧ ಕೊಟ್ಟಂತೆ ಎಂದು ಒಳ್ಳೆಯ ಹಿರಿಯರೂ ತಡೆಯುತ್ತಾರೆ. ಆ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. ಮನೆಕೂಟಗಳ ಮೇಲೆ ಜನ ಏರಿಬಂದದ್ದನ್ನು ಕಂಡವರು ಅವರು. ಆದರೂ ಅವರ ತೀರ್ಮಾನವನ್ನು ನಾನು ಒಪ್ಪಲಾರೆ. ಮುಚ್ಚಿಟ್ಟ ತಪ್ಪಿನ ಬೆಲೆ ತೆರುವವರು ಮನೆಯ ಒಡವೆ ಮಾರಿ ಕೊಟ್ಟದ್ದು ಹಲವು ಪಟ್ಟಾಗಿ ಮರಳುತ್ತದೆಂದು ನಂಬಿಸಿ ಪಡೆಯುವ ಬಿತ್ತನೆಯ ಕಾಣಿಕೆ ಕೊಟ್ಟ ಕೂಲಿಕಾರರು, ಆಲೋಚನೆ ಕೇಳಲು ಹೋಗಿ ಗಾಯಗೊಂಡ ಹೆಣ್ಣುಮಕ್ಕಳು. ಅವರಲ್ಲಿ ಅನೇಕರು ಆ ಪಾಸ್ಟರನ್ನಷ್ಟೇ ಅಲ್ಲ, ಕ್ರಿಸ್ತನನ್ನೂ ಬಿಟ್ಟು ಹೋಗುತ್ತಾರೆ.

ಹಾಗೆಂದು ಗಾಳಿಮಾತಿಗೆ ಕಿವಿಗೊಡಬಾರದು. ಹಿರಿಯನ ಮೇಲಿನ ದೂರಿಗೆ ಇಬ್ಬರು ಮೂವರು ಸಾಕ್ಷಿಗಳಿರಬೇಕು ಎಂದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ 5ನೆಯ ಅಧ್ಯಾಯ ಹೇಳುತ್ತದೆ. ಈ ವಚನವನ್ನು ಕೂಡ ದೂರು ಮುಚ್ಚಿಹಾಕಲು ಬಳಸುವವರಿದ್ದಾರೆ, ಅವರು ಮುಂದಿನ ವಚನದ ಬಳಿಗೆ ಹೋಗುವುದಿಲ್ಲ: ಪಾಪದಲ್ಲಿ ನಡೆಯುವವರನ್ನು ಎಲ್ಲರ ಮುಂದೆ ಗದರಿಸಬೇಕು. ಕೋಣೆಯೊಳಗೆ ಒಬ್ಬಳೇ ಇದ್ದಾಗ ನಡೆದ ಅನ್ಯಾಯಕ್ಕೆ ಎರಡನೆಯ ಕಣ್ಣು ಎಲ್ಲಿಂದ ಬರಬೇಕು? ಮತ್ತೊಬ್ಬಳ ಅದೇ ಅನುಭವ, ಫೋನಿನಲ್ಲಿ ಉಳಿದ ಸಂದೇಶ, ಬ್ಯಾಂಕಿನ ದಾಖಲೆ ಇವು ಕೂಡ ಸಾಕ್ಷಿಗಳೆಂದು ಹಿರಿಯರು ತಿಳಿಯಬೇಕು. ನಡೆದದ್ದು ಅಪರಾಧವಾಗಿದ್ದರೆ, ಅದರಲ್ಲೂ ಮಕ್ಕಳ ಮೇಲಾಗಿದ್ದರೆ, ಸಭೆಯ ವಿಚಾರಣೆಗಾಗಿ ಕಾಯದೆ ಪೊಲೀಸರಿಗೆ ತಿಳಿಸಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯಡಿ ತಿಳಿದೂ ತಿಳಿಸದಿರುವುದೇ ಅಪರಾಧ. ದೂರನ್ನು ಯಾರ ಬಳಿಗೆ ಒಯ್ಯಬೇಕು ಎಂಬುದು ಮೊದಲೇ ಗೊತ್ತಿರಬೇಕು. ಪಾಸ್ಟರ್, ಅವರ ಹೆಂಡತಿ, ಅವರ ಭಾಮೈದ ಈ ಮೂವರೇ ಸಭೆಯ ಸಮಿತಿಯಾಗಿರುವ ಕಡೆ ದೂರಿಗೆ ದಾರಿಯೇ ಇಲ್ಲ. ಅಂಥ ಸಭೆಗೆ ಕಾಣಿಕೆ ಕೊಡುವ ಮೊದಲು, ಆ ಕುಟುಂಬಕ್ಕೆ ಸೇರದ ಇಬ್ಬರು ಹಿರಿಯರ ಹೆಸರನ್ನು, ಅದರಲ್ಲಿ ಒಬ್ಬರಾದರೂ ಮಹಿಳೆಯಾಗಿರುವಂತೆ, ಪ್ರಕಟಿಸಿರಿ ಎಂದು ವಿಶ್ವಾಸಿಗಳು ಒಟ್ಟಾಗಿ ಬರೆದುಕೊಡಬೇಕು.