ಸ್ಟುಡಿಯೋ ರೆಕಾರ್ಡಿಂಗ್ ಇರುವಾಗ ಲೈವ್ ಆಲ್ಬಮ್ ಯಾಕೆ ಕೇಳಬೇಕು?

ರಾಕ್ ಸಂಗೀತದ ಮಾತು ಬಂದಲ್ಲೆಲ್ಲ ತಪ್ಪದೆ ಎದುರಾಗುವ ಪ್ರಶ್ನೆ ಇದು. ಅದೇ ಹಾಡು ಸ್ಟುಡಿಯೋದಲ್ಲಿ ಚೊಕ್ಕವಾಗಿ ರೆಕಾರ್ಡ್ ಆಗಿರುವಾಗ ಶಿಳ್ಳೆ, ಗದ್ದಲ, ಜಾರಿದ ಶ್ರುತಿ ಎಲ್ಲ ಸೇರಿದ, ಜನರ ಮುಂದೆ ನುಡಿಸುವಾಗಲೇ ಹಿಡಿದ ಇನ್ನೊಂದು ರೂಪ ಯಾಕೆ ಬೇಕು? ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: ಅಷ್ಟಕ್ಕೂ ಅದರಲ್ಲಿ ನಿಜವಾಗಿ ಲೈವ್ ಇರುವುದು ಎಷ್ಟು?

ಎರಡಕ್ಕೂ ಉತ್ತರ ಒಂದೇ ಜಾಗದಲ್ಲಿದೆ, ಹಾಡುಗಾರನ ಮುಂದಿನ ಮೈಕ್‌ನಲ್ಲಿ. ಸ್ಟುಡಿಯೋದಲ್ಲಿ ಆ ಮೈಕ್‌ಗೆ ಅವನ ದನಿ ಬಿಟ್ಟರೆ ಹೆಚ್ಚಿನದೇನೂ ಕೇಳಿಸುವುದಿಲ್ಲ. ವೇದಿಕೆಯಲ್ಲಿ ಹಾಗಲ್ಲ. ಬೆನ್ನಿಗೆ ಮೂರು ಮೀಟರ್ ದೂರದಲ್ಲಿ ಡ್ರಮ್ಸ್, ಪಕ್ಕದಲ್ಲಿ ಅರಚುತ್ತಿರುವ ಗಿಟಾರ್ ಆಂಪ್ಲಿಫೈಯರ್, ಕಾಲ ಬುಡದಲ್ಲಿ ಅವನ ದನಿಯನ್ನೇ ಅವನಿಗೆ ವಾಪಸ್ ಎರಚುವ ಮಾನಿಟರ್ ಸ್ಪೀಕರ್. ಅಷ್ಟೂ ಆ ಒಂದೇ ಮೈಕ್‌ನೊಳಗೆ ನುಗ್ಗುತ್ತದೆ. ಎಂಜಿನಿಯರ್‌ಗಳು ಇದನ್ನು ಬ್ಲೀಡ್ ಅನ್ನುತ್ತಾರೆ, ನಾವು ಸೋರಿಕೆ ಅನ್ನೋಣ. ವೇದಿಕೆಯಲ್ಲಿ ಹದಿನಾರು ಮೈಕ್ ಇದ್ದರೆ ಹದಿನಾರಕ್ಕೂ ಎಲ್ಲ ವಾದ್ಯ ಸ್ವಲ್ಪ ಸ್ವಲ್ಪ ಕೇಳಿಸಿರುತ್ತದೆ. ಲೈವ್ ಆಲ್ಬಮ್‌ನ ಸೊಗಸೂ ಕೊರತೆಯೂ ಹುಟ್ಟುವುದು ಇಲ್ಲಿಂದಲೇ. ಅದರಲ್ಲಿ ನಡೆಯುವ ಮೋಸ ಸಿಕ್ಕಿಬೀಳುವುದೂ ಇಲ್ಲಿಯೇ.

ಮೊದಲು ಕೊರತೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಡ್ರಮ್ಸ್ ಜೊತೆಗಿರುವ ಲೋಹದ ತಟ್ಟೆ, ಅಂದರೆ ಸಿಂಬಲ್‌ನ ಸದ್ದು ತನ್ನದೇ ಮೈಕ್‌ಗೆ ಕೂಡಲೇ ಮುಟ್ಟಿದರೆ, ಮೂರು ಮೀಟರ್ ಮುಂದಿರುವ ಹಾಡುಗಾರನ ಮೈಕ್‌ಗೆ ಸುಮಾರು 9 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಎರಡನ್ನೂ ಬೆರೆಸಿದಾಗ ಕೆಲವು ಕಂಪನಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಸ್ಟುಡಿಯೋದಲ್ಲಿ ಗಾಜಿನಂತೆ ಚೂಪಾಗಿದ್ದ ಸಿಂಬಲ್ ಇಲ್ಲಿ ಡಬ್ಬಿಯೊಳಗಿಂದ ಬಂದಂತೆ ಮಂಕಾಗಿ ಕೇಳುತ್ತದೆ. ದನಿಯನ್ನು ಎತ್ತಿದರೆ ಜೊತೆಗೆ ಡ್ರಮ್ಸೂ ಎದ್ದು ಬರುತ್ತದೆ. ದನಿಗೆ ಸ್ವಲ್ಪ ಮೊನಚು ಕೊಡೋಣ ಎಂದರೆ ಸಿಂಬಲ್ ಕಿವಿಗೆ ಚುಚ್ಚುತ್ತದೆ. ಮಿಕ್ಸ್ ಮಾಡುವವನು ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತದೆ.

ಇದೇ ಸೋರಿಕೆ ಸೊಗಸಾಗುವುದು ಹೇಗೆಂದು ತಿಳಿಯಲು ದಿ ಹೂ ತಂಡದ ‘ಲೈವ್ ಅಟ್ ಲೀಡ್ಸ್’ ಸಾಕು. 1970ರ ಫೆಬ್ರವರಿ 14ರಂದು ಲೀಡ್ಸ್ ವಿಶ್ವವಿದ್ಯಾಲಯದ ಊಟದ ಹಾಲ್‌ನಲ್ಲಿ ರೆಕಾರ್ಡ್ ಆದದ್ದು. ಹೆಡ್‌ಫೋನ್ ಹಾಕಿಕೊಂಡರೆ ಎಡಕ್ಕೆ ಜಾನ್ ಎಂಟ್ವಿಸಲ್‌ನ ಬಾಸ್, ಬಲಕ್ಕೆ ಪೀಟ್ ಟೌನ್‌ಶೆಂಡ್‌ನ ಗಿಟಾರ್. ತಂಡದಲ್ಲಿರುವುದು ಒಂದೇ ಗಿಟಾರ್. ಟೌನ್‌ಶೆಂಡ್ ತಾಳದ ಹೊಡೆತ ಬಿಟ್ಟು ಸೋಲೋಗೆ ಹೊರಟ ಕೂಡಲೇ ಬಲಬದಿಯಲ್ಲಿ ದೊಡ್ಡ ಖಾಲಿ ಜಾಗ ಬೀಳುತ್ತದೆ. ಸ್ಟುಡಿಯೋದಲ್ಲಾದರೆ ಅಲ್ಲಿ ಇನ್ನೊಂದು ಗಿಟಾರ್ ಟ್ರ್ಯಾಕ್ ತುಂಬಿಬಿಡುತ್ತಿದ್ದರು. ಇಲ್ಲಿ ಎಡಗಡೆಯ ಬಾಸ್ ಮೇಲಿನ ಸ್ವರಗಳಿಗೆ ಏರಿ, ಗಿಟಾರ್‌ನ ಹಾಗೇ ಗೊರಗೊರ ಅನ್ನುತ್ತ ಆ ಜಾಗಕ್ಕೆ ನುಗ್ಗುತ್ತದೆ. ಡ್ರಮ್ಮರ್ ಕೀತ್ ಮೂನ್ ಅದನ್ನು ಕೇಳಿಸಿಕೊಂಡು ಉರುಳಿಕೆ ಹೆಚ್ಚಿಸುತ್ತಾನೆ. ಸ್ಟುಡಿಯೋದಲ್ಲಿ ಮೂರೂಕಾಲು ನಿಮಿಷದ ‘ಮೈ ಜನರೇಷನ್’ ಇಲ್ಲಿ ಸುಮಾರು ಹದಿನೈದು ನಿಮಿಷವಾಗುವುದು ಹೀಗೆ: ಒಬ್ಬ ಬಿಟ್ಟ ಜಾಗವನ್ನು ಇನ್ನೊಬ್ಬ ಆ ಕ್ಷಣದಲ್ಲೇ ಹಿಡಿಯುತ್ತ ಹೋಗುವುದರಿಂದ. ಒಬ್ಬನ ತಪ್ಪು ಎಲ್ಲರ ಮೈಕ್‌ಗೂ ಸೋರಿರುತ್ತದೆ, ಆಮೇಲೆ ತಿದ್ದುವುದು ಕಷ್ಟ ಎಂಬ ಸ್ಥಿತಿಯೇ ಆ ಬಿರುಸಿಗೆ ಕಾರಣ.

ಮೂಲ ಎಲ್‌ಪಿಯಲ್ಲಿ ಚಿಟಪಟ ಸದ್ದು ಕೇಳುತ್ತಿತ್ತು. ಅದನ್ನು ಅಡಗಿಸುವ ಬದಲು, ಚಿಟಪಟ ಇದ್ದದ್ದೇ, ಸರಿಪಡಿಸಬೇಡಿ ಎಂದು ಲೇಬಲ್ ಮೇಲೇ ಬರೆದರು. 1995ರ ಸಿ.ಡಿ.ಗೆ ಬರುವಷ್ಟರಲ್ಲಿ ಅದನ್ನು ಕಂಪ್ಯೂಟರ್‌ನಲ್ಲಿ ಒರೆಸಿದ್ದಾಯಿತು. ಆ ಲೇಬಲ್‌ನ ಧೈರ್ಯಕ್ಕೆ ಈಗಲೂ ನನ್ನ ಮೆಚ್ಚುಗೆ ಇದೆ.

ಉದ್ದದ ಬಗ್ಗೆ ಒಂದು ಮಾತು. ಲೈವ್ ಆಲ್ಬಮ್‌ನಲ್ಲಿ ಹಾಡು ಯಾಕಿಷ್ಟು ಎಳೆಯುತ್ತದೆ ಎಂಬ ದೂರು ಅರ್ಧ ನ್ಯಾಯವಾದದ್ದು. ಆಲ್‌ಮನ್ ಬ್ರದರ್ಸ್ ಬ್ಯಾಂಡ್ 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಫಿಲ್ಮೋರ್ ಈಸ್ಟ್‌ನಲ್ಲಿ ನುಡಿಸಿದ ‘ವಿಪ್ಪಿಂಗ್ ಪೋಸ್ಟ್’ ಸುಮಾರು 23 ನಿಮಿಷ, ಎಲ್‌ಪಿಯ ಒಂದು ಬದಿಯೇ ಅದಕ್ಕೆ ಹೋಯಿತು. ಸ್ಟುಡಿಯೋದಲ್ಲಿ ಅದು ಐದು ಚಿಲ್ಲರೆ ನಿಮಿಷ. ಆದರೆ ಅಲ್ಲಿ ಹಾಡು ಎರಡು ಮೂರು ಸಲ ಪಿಸುಮಾತಿನಷ್ಟು ಇಳಿದು, ತಾಳವನ್ನೇ ಕಳಚಿಟ್ಟು, ಮತ್ತೆ ಮೊದಲಿನ ಬಾಸ್ ಸಾಲಿಗೆ ಬಂದು ಸೇರುತ್ತದೆ. ಉದ್ದಕ್ಕೆ ಕೆಲಸವಿದೆ. ಡ್ರಮ್ಸ್ ಸೋಲೋದ ಕಥೆ ಬೇರೆ. ಹಾಲ್‌ನಲ್ಲಿ ಅದು ಎದೆಗೂಡಿಗೆ ಬಡಿಯುತ್ತದೆ, ಬೆಳಕಿನಲ್ಲಿ ಕೋಲು ಕುಣಿಯುವುದು ಕಾಣುತ್ತದೆ. ಮನೆಯ ಸ್ಪೀಕರ್‌ನಲ್ಲಿ ಎರಡೂ ಇಲ್ಲ. ಹತ್ತು ನಿಮಿಷದ ಡ್ರಮ್ಸ್ ಸೋಲೋವನ್ನು ದಾಟಿಸಿ ಮುಂದೆ ಹೋದರೆ ಯಾವ ಪಾಪವೂ ಬರುವುದಿಲ್ಲ.

ಈಗ ಎರಡನೇ ಪ್ರಶ್ನೆ, ಲೈವ್ ಎಷ್ಟು? ಬಹಳ ಸಲ, ಕವರ್ ಮೇಲೆ ಹೇಳಿದ್ದಕ್ಕಿಂತ ಕಡಿಮೆ. ಕಿಸ್ ತಂಡಕ್ಕೆ ಹೆಸರು ತಂದ 1975ರ ‘ಅಲೈವ್!’ನಲ್ಲಿ ದನಿ, ಗಿಟಾರ್, ಬಾಸ್ ಬಹಳಷ್ಟು ಆಮೇಲೆ ಸ್ಟುಡಿಯೋದಲ್ಲಿ ತೇಪೆ ಹಾಕಿದ್ದೆಂದು ನಿರ್ಮಾಪಕ ಎಡ್ಡಿ ಕ್ರೇಮರ್ ಮತ್ತು ತಂಡದವರು ನಂತರ ಒಪ್ಪಿಕೊಂಡರು. ಥಿನ್ ಲಿಝಿಯ ‘ಲೈವ್ ಅಂಡ್ ಡೇಂಜರಸ್’ ಬಗ್ಗೆ ಜಗಳವೇ ಇದೆ: ಮುಕ್ಕಾಲು ಭಾಗ ಸ್ಟುಡಿಯೋದ್ದು ಎಂದು ನಿರ್ಮಾಪಕ ಟೋನಿ ವಿಸ್ಕೋಂಟಿ ಹೇಳಿದರೆ, ತಂಡದವರು ಅಷ್ಟೆಲ್ಲ ಇಲ್ಲ ಎನ್ನುತ್ತಾರೆ. ಗ್ರೇಟ್‌ಫುಲ್ ಡೆಡ್‌ನಂಥ ವೇದಿಕೆಯ ತಂಡವೂ ‘ಯೂರೋಪ್ ’72’ಗೆ ಸ್ಟುಡಿಯೋದಲ್ಲಿ ಮತ್ತೆ ಹಾಡಿದೆ. ಮೋಟರ್‌ಹೆಡ್‌ನ ‘ನೋ ಸ್ಲೀಪ್ ಟಿಲ್ ಹ್ಯಾಮರ್‌ಸ್ಮಿತ್’ ಆ ಹ್ಯಾಮರ್‌ಸ್ಮಿತ್‌ನಲ್ಲಿ ರೆಕಾರ್ಡ್ ಆದದ್ದೇ ಅಲ್ಲ, ಹೆಚ್ಚಿನದು ಲೀಡ್ಸ್ ಮತ್ತು ನ್ಯೂಕಾಸಲ್‌ನದು. ಜಾನಿ ಕ್ಯಾಶ್ ರಾಕ್‌ಗೆ ಸೇರದಿದ್ದರೂ ಉದಾಹರಣೆ ಬಿಡಲಾರೆ: 1968ರ ಫಾಲ್ಸಮ್ ಜೈಲಿನ ಆಲ್ಬಮ್‌ನ ಮೊದಲ ಹಾಡಿನಲ್ಲಿ ಕೊಲೆಯ ಸಾಲು ಬಂದ ಕೂಡಲೇ ಕೈದಿಗಳು ಹೋ ಎಂದು ಕೂಗುತ್ತಾರಲ್ಲ, ಆ ಕೂಗು ಆಮೇಲೆ ಅಂಟಿಸಿದ್ದು.

ತೇಪೆಯನ್ನು ಕಿವಿಯಿಂದಲೇ ಹಿಡಿಯಬಹುದು, ಸೋರಿಕೆಯೇ ಸಾಕ್ಷಿ ಹೇಳುತ್ತದೆ. ಮುಚ್ಚಿದ ಹೆಡ್‌ಫೋನ್‌ನಲ್ಲಿ ಹಾಡುಗಾರನನ್ನು ಬಿಟ್ಟು ಸಿಂಬಲ್ ಕಡೆ ಗಮನ ಕೊಡಿ. ನಿಜವಾದ ವೇದಿಕೆಯ ದನಿಯಾದರೆ, ಅವನು ಸಾಲು ಮುಗಿಸಿದ ಮೇಲೆ ಕಂಪ್ರೆಸರ್ (ಜೋರು ದನಿಯನ್ನು ತಾನಾಗಿ ತಗ್ಗಿಸುವ ಯಂತ್ರ) ಸಡಿಲಾಗಿ ಸಿಂಬಲ್ ಸ್ವಲ್ಪ ಉಕ್ಕಿ ಬರುತ್ತದೆ. ಅಥವಾ ಎಂಜಿನಿಯರ್ ಆ ಮೈಕ್ ಮುಚ್ಚಿದ್ದರೆ ಡ್ರಮ್ಸ್ ಇದ್ದಕ್ಕಿದ್ದಂತೆ ಒಣಗಿ ಹತ್ತಿರವಾಗುತ್ತದೆ. ದನಿ ಬಂದರೂ ಹೋದರೂ ಸುತ್ತಲಿನ ಸದ್ದು ಒಂದಿಷ್ಟೂ ಕದಲದಿದ್ದರೆ ಅನುಮಾನ ಪಡಿ. ಇನ್ನೊಂದು ಗುರುತು ಹಳೆಯ ದನಿಯ ಭೂತ. ಹೊಸದಾಗಿ ಹಾಡಿ ಸೇರಿಸಿದರೂ ಆ ರಾತ್ರಿಯ ತಪ್ಪು ಸ್ವರ ಡ್ರಮ್ಸ್ ಮೈಕ್‌ಗಳಲ್ಲಿ ಉಳಿದೇ ಇರುತ್ತದೆ, ಹೊಸ ದನಿಯ ಹಿಂದೆ ಮಸುಕಾಗಿ, ಒಂದೆಳೆ ಹಿಂದೆ ಬಿದ್ದು ಕೇಳುತ್ತದೆ. ಒಂದೇ ಗಿಟಾರ್‌ನ ತಂಡದಲ್ಲಿ ಸೋಲೋದ ಕೆಳಗೆ ಎರಡನೇ ಗಿಟಾರ್ ಕೇಳಿದರಂತೂ ವಾದವೇ ಬೇಡ.

ಹಾಗಾದರೆ ತೇಪೆ ಹಾಕಿದ್ದೆಲ್ಲ ಮೋಸವೇ? ನನಗೆ ಹಾಗನ್ನಿಸುವುದಿಲ್ಲ. ದಿ ಹೂ ಲೀಡ್ಸ್‌ನ ಮರುದಿನ ಹಲ್ ಊರಿನಲ್ಲೂ ನುಡಿಸಿತು. ಆ ಟೇಪ್‌ನಲ್ಲಿ ಮೊದಲ ಕೆಲವು ಹಾಡುಗಳ ಬಾಸ್ ರೆಕಾರ್ಡೇ ಆಗಿರಲಿಲ್ಲ. ಅದಕ್ಕಾಗಿ ನಲವತ್ತು ವರ್ಷ ಮೂಲೆಗೆ ಬಿದ್ದಿತ್ತು. ಕೊನೆಗೆ ಲೀಡ್ಸ್‌ನ ಬಾಸ್ ತಂದು ಅಲ್ಲಿ ಕೂರಿಸಿದರು. ಇದು ಒಡೆದದ್ದನ್ನು ರಿಪೇರಿ ಮಾಡಿದ ಹಾಗೆ. ಜನ ಕೂಗದ ಕಡೆ ಕೂಗಿಸುವುದು, ಹಾಡುಗಾರ ಮುಟ್ಟದ ಸ್ವರವನ್ನು ಮುಟ್ಟಿಸುವುದು ಬೇರೆ ಜಾತಿಯ ಕೆಲಸ.

ಜನರ ಸದ್ದಿನದೇ ಒಂದು ಗೋಳು. ವೇದಿಕೆಯಿಂದ 30 ಮೀಟರ್ ದೂರ ಕುಳಿತವರಿಗೆ ಹಾಡು ಕೇಳುವುದೇ ಸುಮಾರು 87 ಮಿಲಿಸೆಕೆಂಡ್ ತಡವಾಗಿ. ಅವರು ಅದಕ್ಕೆ ಸರಿಯಾಗಿ ತಟ್ಟಿದ ಚಪ್ಪಾಳೆ ವೇದಿಕೆಯ ಮೈಕ್‌ಗೆ ವಾಪಸ್ ಬರಲು ಮತ್ತೆ ಅಷ್ಟೇ ಹೊತ್ತು. ಒಟ್ಟು 175 ಮಿಲಿಸೆಕೆಂಡ್. ನಿಮಿಷಕ್ಕೆ 120 ಬೀಟ್‌ನ ಹಾಡಿನಲ್ಲಿ ಒಂದು ಬೀಟ್ ಅಂದರೆ 500 ಮಿಲಿಸೆಕೆಂಡ್, ಅಂದರೆ ಚಪ್ಪಾಳೆ ಮೂರನೇ ಒಂದು ಭಾಗ ಬೀಟ್ ಹಿಂದೆ. ಜನಕ್ಕೆ ತಾಳಜ್ಞಾನ ಇಲ್ಲ ಎಂದು ಬೈಯುವವರು ಈ ಲೆಕ್ಕ ಮರೆಯುತ್ತಾರೆ. ಅದಕ್ಕೇ ಜನರ ನಡುವೆ ಇಟ್ಟ ಮೈಕ್‌ಗಳ ಟ್ರ್ಯಾಕ್‌ಗಳನ್ನು ಮಿಕ್ಸ್ ಮಾಡುವಾಗ, ಆ ಮೈಕ್‌ಗೆ ಶಬ್ದ ಮುಟ್ಟಲು ತಡವಾದಷ್ಟು ಮೊದಲೇ ಕೇಳುವಂತೆ ಸರಿಸಿ ಕೂಡಿಸುತ್ತಾರೆ. ಸರಿಸದಿದ್ದರೆ ಸ್ನೇರ್ ಡ್ರಮ್ ಎರಡೆರಡು ಸಲ ಹೊಡೆದಂತೆ ಕೇಳುತ್ತದೆ. ಬೀಟಲ್ಸ್‌ನ ಹಾಲಿವುಡ್ ಬೌಲ್ ಕಛೇರಿಗಳು 1964 ಮತ್ತು 65ರಲ್ಲಿ ಮೂರೇ ಟ್ರ್ಯಾಕ್‌ನ ಟೇಪ್‌ಗೆ ರೆಕಾರ್ಡ್ ಆದವು, ಎಲ್ಲದರ ಮೇಲೂ ಕಿರುಚಾಟದ ಮುಸುಕು. ಹೊರಬಂದದ್ದು 1977ರಲ್ಲಿ. ಕಿರುಚಾಟದ ಅಡಿಯಿಂದ ವಾದ್ಯಗಳನ್ನು ಎತ್ತಿ ತೋರಿಸಲು 2016ರವರೆಗೆ, ಹೊಸ ಸಾಫ್ಟ್‌ವೇರ್ ಬರುವವರೆಗೆ ಕಾಯಬೇಕಾಯಿತು.

ಕೇಳುವ ಬಗೆಯಲ್ಲೂ ಕೆಲವು ತಪ್ಪುಗಳಾಗುತ್ತವೆ. ಪ್ಲೇಯರ್‌ನಲ್ಲಿ ಗ್ಯಾಪ್‌ಲೆಸ್ (ಹಾಡುಗಳ ನಡುವೆ ಬಿಡುವಿಲ್ಲದಿರುವುದು) ಆನ್ ಇರಲಿ, ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನು ಮುಂದಿನದರ ಮೊದಲಿಗೆ ಬೆರೆಸುವುದು) ಮತ್ತು ಶಫಲ್ (ಹಾಡುಗಳ ಕ್ರಮ ಕಲಸುವುದು) ಆಫ್ ಇರಲಿ. ಹಳೆಯ ಎಂಪಿ3 ಫೈಲ್‌ಗಳಲ್ಲಿ ಫೈಲ್ ತಯಾರಿಸುವ ಎನ್‌ಕೋಡರ್ ಪ್ರತಿ ಟ್ರ್ಯಾಕ್‌ನ ತುದಿಗಳಲ್ಲಿ ಚೂರು ಮೌನ ಸೇರಿಸಿರುತ್ತದೆ. ಸ್ಟುಡಿಯೋ ಆಲ್ಬಮ್‌ನಲ್ಲಿ ಅದು ಗೊತ್ತೇ ಆಗುವುದಿಲ್ಲ, ಇಲ್ಲಿ ಚಪ್ಪಾಳೆಯ ನಡುವೆ ಗುಂಡಿ ಬಿದ್ದಂತಾಗುತ್ತದೆ. ವಾಲ್ಯೂಮ್ ಸಮ ಮಾಡುವ ಸೌಲಭ್ಯ ಇದ್ದರೆ ಆಲ್ಬಮ್ ಲೆಕ್ಕದಲ್ಲಿರಲಿ. ಟ್ರ್ಯಾಕ್ ಲೆಕ್ಕದಲ್ಲಿಟ್ಟರೆ ಹಾಡಿನಿಂದ ಹಾಡಿಗೆ ಜನರ ಸದ್ದು ಏರಿಳಿಯುತ್ತದೆ. ಸದ್ದು ಕಡಿಮೆ ಇಟ್ಟರೆ ನಮ್ಮ ಕಿವಿಗೆ ಬಾಸ್ ಮೊದಲು ಮಾಯ. ನೂರು ಡೆಸಿಬಲ್‌ಗಾಗಿ ಕಟ್ಟಿದ ಸಂಗೀತವನ್ನು ಪಿಸುದನಿಯಲ್ಲಿ ಹಾಕಿ ಪೇಲವ ಎನ್ನುವುದು ಅನ್ಯಾಯ. ಕಿವಿಗೆ ನೋವಾಗದಷ್ಟು ಜೋರಾಗಿ ಹಾಕಿ, ಅದೂ ಆಗದಿದ್ದರೆ ಬಾಸ್ ಸ್ವಲ್ಪ ಎತ್ತಿ.

ಹಾಡಿನ ನಡುವೆ ಸದ್ದಿನ ಬಣ್ಣ ಸಣ್ಣಗೆ ಬದಲಾಯಿತು ಎನಿಸಿದರೆ ಕಿವಿಯನ್ನು ಬೈಯಬೇಡಿ. ಆ ಕಾಲದ 2,500 ಅಡಿಯ ರೆಕಾರ್ಡಿಂಗ್ ಟೇಪ್ ಸೆಕೆಂಡಿಗೆ 15 ಇಂಚು ಓಡಿದರೆ 33 ನಿಮಿಷ, 30 ಇಂಚಾದರೆ ಸುಮಾರು 17 ನಿಮಿಷ. ಒಂದು ಮುಗಿಯುವ ಮೊದಲೇ ಇನ್ನೊಂದು ಯಂತ್ರ ಓಡಿಸಬೇಕಿತ್ತು, ಆಮೇಲೆ ಎರಡನ್ನೂ ಬೆಸೆಯಬೇಕಿತ್ತು. ಬಣ್ಣ ಬದಲಾಗುವುದು ಆ ಬೆಸುಗೆಯಲ್ಲಿ. ಎರಡನೇ ಯಂತ್ರ ಇರದಿದ್ದರೆ ಹಾಡು ಅರ್ಧಕ್ಕೇ ಹೋಯಿತು.

ಇವತ್ತಿನ ಬಹಳಷ್ಟು ಲೈವ್ ಆಲ್ಬಮ್‌ಗಳಲ್ಲಿ ಈ ಯಾವ ತೊಂದರೆಯೂ ಇಲ್ಲ, ನನ್ನ ತಕರಾರು ಅದೇ. ಮಾನಿಟರ್ ಸ್ಪೀಕರ್ ಹೋಗಿ ಕಿವಿಯೊಳಗಿನ ಇಯರ್‌ಪೀಸ್ ಬಂತು. ಆಂಪ್ಲಿಫೈಯರ್ ಹೋಗಿ ನೇರ ಡಿಜಿಟಲ್ ಪೆಟ್ಟಿಗೆ ಬಂತು. ಡ್ರಮ್ಸ್ ಸುತ್ತ ಪಾರದರ್ಶಕ ಗೋಡೆ ಎದ್ದಿತು. ಡ್ರಮ್ಮರ್ ಕಿವಿಯಲ್ಲಿ ತಾಳ ಎಣಿಸುವ ಕ್ಲಿಕ್ ಸದ್ದು, ಕ್ಲಿಕ್‌ಗೆ ಕಟ್ಟಿಹಾಕಿದ ಮೊದಲೇ ರೆಕಾರ್ಡ್ ಆದ ಟ್ರ್ಯಾಕ್‌ಗಳು. ಸೋರಿಕೆ ನಿಂತಿತು, ಜೊತೆಗೆ ಯಾವ ಸ್ವರವನ್ನು ಬೇಕಾದರೂ ಸುಳಿವಿಲ್ಲದೆ ಬದಲಿಸುವ ಅನುಕೂಲವೂ ಬಂತು. ಕ್ಲಿಕ್ ಇದ್ದರೆ ಯಾರೂ ಓಡುವಂತಿಲ್ಲ, ಯಾರೂ ಜಾಗ ಬಿಡುವಂತಿಲ್ಲ. ಹೀಗೆ ತಯಾರಾದ ಆಲ್ಬಮ್ ಎಷ್ಟೋ ಸಲ ಸ್ಟುಡಿಯೋ ಹಾಡಿಗೆ ಚಪ್ಪಾಳೆ ಅಂಟಿಸಿದಂತೆ ಇರುತ್ತದೆ. ಅಂಥದ್ದನ್ನು ಕೇಳಿ ‘ಯಾಕೆ?’ ಎಂದವರ ಜೊತೆ ನಾನೂ ಇದ್ದೇನೆ.

ಎಲ್ಲಿಂದ ಶುರು ಮಾಡಲಿ ಎನ್ನುವವರಿಗೆ ಡೀಪ್ ಪರ್ಪಲ್‌ನ ‘ಮೇಡ್ ಇನ್ ಜಪಾನ್’. 1972ರ ಆಗಸ್ಟ್ 15, 16ರಂದು ಒಸಾಕಾ, 17ರಂದು ಟೋಕಿಯೋ, ಮೂರು ರಾತ್ರಿಯಲ್ಲಿ ಆಯ್ದ ಏಳು ಹಾಡು. ‘ಸ್ಮೋಕ್ ಆನ್ ದ ವಾಟರ್’ನ ಸ್ಟುಡಿಯೋ ರೂಪ ಮೊದಲು ಕೇಳಿ, ಕೂಡಲೇ ಇದನ್ನು ಹಾಕಿ, ಕೊನೆಯಲ್ಲಿ ಗಿಟಾರ್ ಮತ್ತು ಆರ್ಗನ್ ಒಂದಕ್ಕೊಂದು ಉತ್ತರ ಕೊಡುವ ಜಾಗದಲ್ಲಿ ನಿಲ್ಲಿಸಿ ನೋಡಿ. ಆಮೇಲೆ ‘ಲೈವ್ ಅಟ್ ಲೀಡ್ಸ್’. ಅದರಲ್ಲಿ ಆರು ಹಾಡಿನ ಮೂಲ ಆವೃತ್ತಿಯೇ ಮೊದಲ ಸಲಕ್ಕೆ ಸಾಕು. 1995ರ ಹದಿನಾಲ್ಕು ಹಾಡಿನದ್ದು ಇತಿಹಾಸಕ್ಕೆ ಒಳ್ಳೆಯದು, ಆದರೆ ಒಂದೇ ಕೂರಿಕೆಯಲ್ಲಿ ಉಸಿರು ಬಿಗಿಹಿಡಿದು ಕೇಳುವ ಅಳತೆ ಆ ಆರಕ್ಕೇ ಇದೆ. ಎರಡನೇ ಸಲ ಕೇಳುವಾಗ ಹೆಡ್‌ಫೋನ್‌ನ ಬಲಬದಿಯನ್ನು ಕಿವಿಯಿಂದ ಸರಿಸಿ, ಬರೀ ಬಾಸ್ ಹಿಂದೆ ಹೋಗಿ.